ಗಾಳೆವ್ವ ಹೊಲಿದ ದೊಡ್ಡ ಪಟ್ಟಾ

ಬಹಳ ಹಿಂದಿನ ಮಾತು. ಕರೆಂಟಿನ ಹೆಸರನ್ನೇ ಯಾರೂ ಕೇಳಿರದ ಕಾಲ. ಎರೆ ಸೀಮೆಯ ಒಂದು ಊರಿನಲ್ಲಿ ಗಾಳೆವ್ವ ಅಂತ ಒಬ್ಬಳಿದ್ದಳು. ಚರ್ಮದ ಕೆಲಸದ ಮನೆತನ. ಅವಳು ಹೊಲಿದ ಚಪ್ಪಲಿ ಮೆಟ್ಟಿಕೊಂಡು ಕಾಶಿಗೆ ಹೋಗಿ ಬಂದರೂ ಒಂದು ಹೊಲಿಗೆ ಬಿಚ್ಚುತ್ತಿರಲಿಲ್ಲವಂತೆ. ಆ ಊರಿಂದ ಕಾಶಿಗೆ ಹೋದವರು ಯಾರು ಅಂತ ಮಾತ್ರ ಕೇಳಬೇಡಿ. ಹೇಳುವವರು ಹಾಗೆ ಹೇಳುತ್ತಾರೆ.

ಊರಲ್ಲೊಂದು ಹತ್ತಿ ಗಿರಣಿ ಇತ್ತು. ಈಗಿನ ಹಾಗೆ ಯಂತ್ರಕ್ಕೊಂದು ಮೋಟಾರು ಇರಲಿಲ್ಲ, ಇಡೀ ಗಿರಣಿಗೆ ಒಂದೇ ಎಂಜಿನ್ನು. ಮೇಲೆ ತೊಲೆಗಳ ಕೆಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಕಬ್ಬಿಣದ ದಂಡ. ದಂಡಕ್ಕೆ ಹನ್ನೆರಡು ಗಾಲಿ. ಗಾಲಿಗೊಂದರಂತೆ ಚರ್ಮದ ಪಟ್ಟಾ ಇಳಿದು ಕೆಳಗಿನ ಹನ್ನೆರಡು ಯಂತ್ರಗಳನ್ನು ತಿರುಗಿಸುತ್ತಿತ್ತು. ಆ ದಂಡವನ್ನು ತಿರುಗಿಸುತ್ತಿದ್ದದ್ದು ಎಂಜಿನ್ನಿನಿಂದ ಬಂದ ಗೇಣಗಲದ ದೊಡ್ಡ ಪಟ್ಟಾ. ಯಂತ್ರಕ್ಕೊಬ್ಬ ಹೆಂಗಸು ಕೂತು ಹತ್ತಿ ಉಣಿಸಿದರೆ ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು.

ಆ ಪಟ್ಟಾಗಳನ್ನೆಲ್ಲ ಹೊಲಿದವಳು ಗಾಳೆವ್ವ. ಆದರೆ ಅವು ಓಡುವುದನ್ನು ಅವಳು ಒಂದು ದಿನವೂ ಕಂಡವಳಲ್ಲ. ಅವಳ ಜಾತಿಯವರು ಗಿರಣಿಯ ಹೊಸಿಲು ದಾಟುವಂತಿರಲಿಲ್ಲ. ಹೊಲಿದ ಪಟ್ಟಾವನ್ನು ಬಾಗಿಲಲ್ಲಿಟ್ಟು ದೂರ ಸರಿಯಬೇಕು, ಒಳಗಿನವರು ಬಂದು ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ದನದ ಚರ್ಮ ಒಳಗೆ ಹೋಗಬಹುದು, ಹೊಲಿದವಳು ಹೋಗಬಾರದು. ಎಂಥಾ ನ್ಯಾಯ ನೋಡಿ!

ಗಾಳೆವ್ವ ಗಿರಣಿಯ ಹಿಂದಿನ ಗೋಡೆಗೆ ಒರಗಿ ಕೂತು ಕಿವಿಗೊಡುತ್ತಿದ್ದಳು. ಯಾವ ಪಟ್ಟಾ ಸಡಿಲಾಗಿದೆ, ಯಾವುದಕ್ಕೆ ಎಣ್ಣೆ ಬೇಕಾಗಿದೆ ಅಂತ ಗೋಡೆಯಾಚೆಯಿಂದಲೇ ಹೇಳುತ್ತಿದ್ದಳಂತೆ. ಸಾಯುವುದರೊಳಗೆ ಒಮ್ಮೆ ತನ್ನ ಪಟ್ಟಾ ಓಡುವುದನ್ನು ಕಣ್ಣಾರೆ ನೋಡಬೇಕು, ಅದೊಂದೇ ಆಸೆ ಅವಳಿಗೆ.

ಹೀಗಿರಲಾಗಿ ಗಿರಣಿಯ ಧಣಿ ಗುರುಶಾಂತಪ್ಪ ಸಾವುಕಾರರು ಹೊಸ ಎಂಜಿನ್ನು ತರಿಸಿದರು. ಅದರ ಜೊತೆ ಹೊಸ ಪಟ್ಟಾಗಳೂ ಬಂದವು. ಅವಕ್ಕೆ ಹೊಲಿಗೆ ಬೇಡ, ಎರಡು ತುದಿ ಸೇರಿಸಿ ಕಬ್ಬಿಣದ ಕೊಂಡಿ ಬಡಿದರೆ ಮುಗಿಯಿತು. ಗಾಳೆವ್ವನಿಗೆ ಇನ್ನು ಬಾಗಿಲಿಗೂ ಬರಬೇಡ ಅಂತ ಹೇಳಿ ಕಳಿಸಿದರು. ಅವಳು ಅಂದು ಉಣ್ಣಲಿಲ್ಲವಂತೆ.

ಎಂಜಿನ್ನು ಕೂರಿಸುವ ದಿನ ಜೋಯಿಸರು ಬಂದರು. ಎಂಜಿನ್ನಿನ ಮಾರಿ, ಅಂದರೆ ಹೊಗೆ ಉಗುಳುವ ಮುಖ, ತೆಂಕಣಕ್ಕೆ ಇರಬಾರದು, ಅದು ಯಮನ ದಿಕ್ಕು, ಬಡಗಣಕ್ಕೆ ತಿರುಗಿಸಿ ಅಂದರು. ಇಮಾಮಸಾಬ ಮಿಸ್ತ್ರಿ ತಲೆ ಕೆರೆದುಕೊಂಡ. ಅವನ ಮಾತು ಕೇಳುವವರು ಯಾರು? ಮಾರಿ ತಿರುಗಿಸಿದರು, ಕಲ್ಲು ಕೊರೆದು ಬೋಲ್ಟು ನಿಲ್ಲಿಸಿದರು, ಸೀಸ ಕಾಯಿಸಿ ಹೊಯ್ದರು. ಕಾಯಿ ಒಡೆದು ಎಂಜಿನ್ನು ಹಚ್ಚಿದರು.

ಎಂಜಿನ್ನು ಚೆನ್ನಾಗಿಯೇ ತಿರುಗಿತು. ಆದರೆ ಮಾರಿ ಆ ಕಡೆಯಾದ ಮೇಲೆ ಗಾಲಿ ತಿರುಗುವುದೂ ಉಲ್ಟಾ ತಾನೆ? ಗಾಲಿ ಉಲ್ಟಾ, ದಂಡ ಉಲ್ಟಾ, ಹನ್ನೆರಡು ಯಂತ್ರವೂ ಉಲ್ಟಾ. ಹೆಂಗಸರು ಉಣಿಸಿದ ಹತ್ತಿಯೆಲ್ಲ ವಾಪಸ್ ಅವರ ಮಡಿಲಿಗೇ ಬಂದು ಬಿತ್ತು. ಜೋಯಿಸರು ಯಾವಾಗ ಎದ್ದು ಹೋದರೋ ಯಾರೂ ನೋಡಲಿಲ್ಲ.

ನಗುವ ಹೊತ್ತಲ್ಲ ಅದು. ಊರಿನವರ ವರ್ಷದ ಬೆಳೆಯೆಲ್ಲ ಗಿರಣಿಯ ಅಂಗಳದಲ್ಲಿ ಬಯಲಿಗೇ ಬಿದ್ದಿತ್ತು, ಗುಡ್ಡದಷ್ಟು. ಸೀಸ ಕಿತ್ತು ಎಂಜಿನ್ನು ತಿರುಗಿಸಲು ಒಂದು ತಿಂಗಳು ಬೇಕು. ಅತ್ತ ಪಡುವಣದಲ್ಲಿ ಅಕಾಲದ ಮೋಡ ಕಟ್ಟತೊಡಗಿತ್ತು. ನೆನೆದ ಹತ್ತಿ ಕೊಳೆತರೆ ಊರಿಗೆ ಊರೇ ಬರಿಗೈ. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಗೋಡೆಯ ಹಿಂದೆ ಕೂತಿದ್ದ ಗಾಳೆವ್ವ ಏನಾಯಿತೆಂದು ಕೇಳಿದಳು. ಕೇಳಿ, ಬಿದ್ದು ಬಿದ್ದು ನಕ್ಕಳಂತೆ.

"ರಾಟಿ ಹುರಿ ಅಡ್ಡಡ್ಡ ಹಾಕಿ ನಿಮ್ಮವ್ವನ ಕೈಲೆ ಏಟು ತಿಂದಿಲ್ಲೇನ್ರೇ? ಆಗ ಕದರು ಯಾ ಕಡೆ ತಿರಗತಿತ್ತು?" ಅಂದಳು. "ದೊಡ್ಡ ಪಟ್ಟಾನೂ ಹಂಗ ಅಡ್ಡ ಹಾಕ್ರಿ. ತಾನ ಸರಿ ಹೊಕ್ಕೈತಿ."

ನೂಲುವ ಮನೆಯ ಹೆಣ್ಣುಮಕ್ಕಳೆಲ್ಲ ಮಾಡಿದ ತಪ್ಪು ಅದು. ರಾಟೆಯ ಹುರಿ ಕನ್ನಡದ ನಾಲ್ಕರ ಅಂಕಿಯ ಹಾಗೆ ನಡುವೆ ಅಡ್ಡ ಹಾಯ್ದರೆ ನೂಲು ಸುತ್ತುವ ಕದರು ಉಲ್ಟಾ ತಿರುಗುತ್ತದೆ, ನೂಲೆಲ್ಲ ಬಿಚ್ಚಿಕೊಳ್ಳುತ್ತದೆ. ಈ ಮಾತು ಒಳಗೆ ಹೋದದ್ದೇ ಇಮಾಮಸಾಬ ಹಣೆ ಹಣೆ ಬಡಿದುಕೊಂಡ. ಪಟ್ಟಾಕ್ಕೆ ಉದ್ದ ಸಾಲದೆ ಇನ್ನೊಂದು ತುಂಡು ಸೇರಿಸಿ, ಅದಕ್ಕೂ ಕೊಂಡಿ ಬಡಿದು, ಅಡ್ಡಡ್ಡ ಏರಿಸಿ ಎಂಜಿನ್ನು ಹಚ್ಚಿದ. ಯಂತ್ರಗಳೆಲ್ಲ ಸರಿಯಾಗಿ ತಿರುಗಿದವು! ಹೆಂಗಸರು ಹೋ ಅಂದರು. ಆ ಹೋ ಮುಗಿಯುವಷ್ಟರಲ್ಲಿ, ಪಟ್ಟಾಕ್ಕೆ ಪಟ್ಟಾ ಉಜ್ಜುವ ಅಡ್ಡಜಾಗದಲ್ಲಿ ಕೊಂಡಿಗೆ ಕೊಂಡಿ ಸಿಕ್ಕಿ, ಪಟ್ಟಾ ಹರಿದು, ಹಾರಿ ಬಂದು ಸಾವುಕಾರರ ರುಮಾಲನ್ನು ತೊಲೆಗೆ ಸಿಕ್ಕಿಸಿತು. ತಲೆ ಉಳಿದದ್ದು ದೊಡ್ಡ ಮಾತು.

ಸಾವುಕಾರರು ಬೋಳುತಲೆಯಲ್ಲೇ ಹೊರಗೆ ಬಂದು ಗಾಳೆವ್ವನ ಮೇಲೆ ಹರಿಹಾಯ್ದರು. ಅವಳು ಎದ್ದು ನಿಂತು, ಪಟ್ಟಾಕ್ಕೆ ಪಟ್ಟಾ ಉಜ್ಜುವಲ್ಲಿ ಗಂಟೂ ಕೊಂಡಿಯೂ ಇರಬಾರದು, ಬೆರಳಾಡಿಸಿದರೆ ಸೇರಿಕೆ ಎಲ್ಲಿದೆ ಅಂತ ಗೊತ್ತಾಗಬಾರದು, ಅಂಥ ಹೊಲಿಗೆ ತನಗೆ ಬರುತ್ತದೆ ಅಂದಳು. ಸಾವುಕಾರರು ಮೋಡ ನೋಡಿದರು, ಹತ್ತಿ ನೋಡಿದರು. ಹಾಗಾದರೆ ಮನೆಗೆ ಹೋಗಿ ಹೊಲಿದು ತಾ ಅಂದರು.

"ಅಳತಿ ನಾನ ತೊಗೋಬೇಕ್ರೀ ಧಣಿ," ಅಂದಳು ಗಾಳೆವ್ವ. "ಅಡ್ಡಪಟ್ಟಾ ಗಾಲಿ ಮ್ಯಾಲ ಕೂಡಿಸಿ ಹೊಲೀಬೇಕು. ಒಳಗ ಬರದ ಆಗೂದಿಲ್ಲ."

ಸಾವುಕಾರರು ಬಾಗಿಲಿಗೆ ಅಡ್ಡ ನಿಂತರು. ಅವಳು ಕದಲಲಿಲ್ಲ. ಮೂವತ್ತು ವರ್ಷ ಬಾಗಿಲಲ್ಲಿ ಇಟ್ಟು ದೂರ ಸರಿದವಳು ಅಂದು ಒಂದು ಹೆಜ್ಜೆಯೂ ಸರಿಯಲಿಲ್ಲ ಅಂತಾರೆ. ಕಡೆಗೆ ಇಮಾಮಸಾಬನೇ ಬಾಯಿ ಹಾಕಿದ: "ಎಂಜಿನ್ನಿನ ಮಾರಿ ತಿರಿವಿದ್ದಕ್ಕ ಇಷ್ಟೆಲ್ಲಾ ಆತು ಸಾವುಕಾರ್ರ. ಈಕಿ ಮಾರಿನೂ ಹೊಳ್ಳಿಸಿ ಕಳಿಸಿದ್ರ ಊರು ಉಳಿಯೂದಿಲ್ಲ."

ಸಾವುಕಾರರು ಹೂಂ ಅನ್ನುವುದಕ್ಕೂ ಹೆಂಗಸರು ಕಾಯಲಿಲ್ಲ. ಇಬ್ಬರು ಬಂದು ಗಾಳೆವ್ವನ ಕೈ ಹಿಡಿದೇಬಿಟ್ಟರು. ಅವಳು ಚರ್ಮ ಸವರುವ ರಂಪಿ, ತೂತು ಕೊರೆಯುವ ಆರಿ ಸೊಂಟಕ್ಕೆ ಸಿಕ್ಕಿಸಿ ಹೊಸಿಲು ದಾಟಿದಳು. ದಾಟಿದವಳು ಎಡಬಲ ನೋಡದೆ ಮೊದಲು ತಲೆಯೆತ್ತಿ ದಂಡ ನೋಡಿದಳು. ಕಣ್ಣು ತುಂಬಿ ಬಂತು. ಒರೆಸಿಕೊಂಡು ಏಣಿ ಹತ್ತಿದಳು.

ಎಂಜಿನ್ನಿನ ಗಾಲಿಗೂ ದಂಡದ ಗಾಲಿಗೂ ದಾರ ಸುತ್ತಿ ಅಳೆದಳು. ಹರಿದ ಪಟ್ಟಾದ ಕೊಂಡಿ ಕಿತ್ತು, ರಂಪಿಯಿಂದ ತುಂಡುಗಳ ತುದಿಗಳನ್ನು ಸವರಿ ಸವರಿ ವೀಳ್ಯದೆಲೆಯಷ್ಟು ತೆಳ್ಳಗೆ ಮಾಡಿದಳು. ಒಂದರ ಮೇಲೊಂದು ಕೂಡಿಸಿ, ಚರ್ಮದಲ್ಲೇ ಗೀರು ಕೊರೆದು, ಹೊಲಿಗೆಯನ್ನು ಆ ಗೀರಿನೊಳಗೆ ಹುದುಗಿಸಿದಳು. ಎಷ್ಟು ಹೊತ್ತು ಹೊಲಿದಳೆಂದರೆ, ಮೋಡ ಬಂದು ಊರ ಮೇಲೆ ನಿಂತು ಅವಳ ಹೊಲಿಗೆ ಮುಗಿಯಲಿ ಅಂತ ಕಾಯಿತು ಅಂತಾರೆ. ಇಮಾಮಸಾಬ ಕಣ್ಣು ಮುಚ್ಚಿ ಸೇರಿಕೆಯ ಮೇಲೆ ಬೆರಳಾಡಿಸಿದ. ಎಲ್ಲಿದೆ ಅಂತ ಅವನಿಗೆ ಸಿಗಲಿಲ್ಲ.

ಎಂಜಿನ್ನು ಹಚ್ಚಿದರು. ದೊಡ್ಡ ಪಟ್ಟಾ ಅಡ್ಡಡ್ಡ ಓಡಿತು. ಟಕ್ಕೆನ್ನಲಿಲ್ಲ, ಸಿಕ್ಕಲಿಲ್ಲ. ದಂಡ ತಿರುಗಿತು, ಹನ್ನೆರಡು ಪಟ್ಟಾ ಓಡಿದವು, ಹನ್ನೆರಡು ಯಂತ್ರದಿಂದ ಅರಳೆ ಬೆಳ್ಳಗೆ ಉಕ್ಕಿತು. ಹೆಂಗಸರು ಕೂಗಿದ ಕೂಗಿಗೆ ಎತ್ತುಗಳು ಹಗ್ಗ ಕಿತ್ತುಕೊಂಡವಂತೆ. ಗಾಳೆವ್ವ ಮಾತ್ರ ಕೂಗಲಿಲ್ಲ. ಗಿರಣಿಯ ನಟ್ಟನಡುವೆ ಕಾಲು ಚಾಚಿ ಕೂತು, ಮೂವತ್ತು ವರ್ಷದ ನೋಟವನ್ನೆಲ್ಲ ಒಂದೇ ಸಲ ನೋಡಿದಳು.

ಐದನೆಯ ದಿನ ಮಳೆ ಬಂತು. ಅಂಗಳದಲ್ಲಿ ಒಂದು ಹಿಡಿ ಹತ್ತಿಯೂ ಇರಲಿಲ್ಲ. ಬರೀ ನೆಲಕ್ಕೆ ಬಿದ್ದು ಹೋಯಿತು ಮಳೆ.

ಮುಂದೆ ಸಾವುಕಾರರು ಎಂಜಿನ್ನು ಕಿತ್ತು ಸರಿಯಾಗಿ ಕೂರಿಸುತ್ತೇನೆ ಅಂದರು. ಹೆಂಗಸರು ಬಿಡಲಿಲ್ಲ. ಪಟ್ಟಾ ನೇರವಾದರೆ ಮತ್ತೆ ಕೊಂಡಿ ಬರುತ್ತದೆ, ಅಡ್ಡವಿದ್ದರೆ ಗಾಳೆವ್ವ ಬರುತ್ತಾಳೆ ಅಂತ ಅವರಿಗೆ ಗೊತ್ತಿತ್ತು. ಆ ಪಟ್ಟಾ ಹನ್ನೆರಡು ವರ್ಷ ಓಡಿತು ಅನ್ನುವವರಿದ್ದಾರೆ, ಇಪ್ಪತ್ತು ಅನ್ನುವವರೂ ಇದ್ದಾರೆ. ಗಾಳೆವ್ವ ಇರುವವರೆಗೆ ಓಡಿತು ಅಂತಿಟ್ಟುಕೊಳ್ಳೋಣ.

ಈಗ ಆ ಗಿರಣಿ ಇಲ್ಲ, ದಂಡವೂ ಇಲ್ಲ. ಊರಲ್ಲಿರುವುದು ಹಿಟ್ಟಿನ ಗಿರಣಿ, ಗುಂಡಿ ಒತ್ತಿದರೆ ತಿರುಗುತ್ತದೆ. ಆದರೂ ಮಹಾನವಮಿಯ ಪೂಜೆಗೆ ಎರಡು ಗಾಲಿಗೆ ಚೆಂಡುಹೂವಿನ ಹಾರ ಹಾಕುವಾಗ ನಡುವೆ ಅಡ್ಡಡ್ಡ ಹಾಯಿಸಿಯೇ ಹಾಕುತ್ತಾರೆ. ಗಾಳೆವ್ವನ ಮನೆಯವರು ಬಂದು ಮೊದಲು ಹೊಸಿಲು ದಾಟುವವರೆಗೆ ಯಾರೂ ಗುಂಡಿ ಮುಟ್ಟುವುದಿಲ್ಲ. ಹೊರ ಊರಿನವರು ಯಾರಾದರೂ ಹಾರ ಸೊಟ್ಟಗಾಗಿದೆ, ನೆಟ್ಟಗೆ ಹಾಕಿ ಅಂದರೆ ಕಾಳು ಬೀಸಿಸಲು ಬಂದ ಹೆಂಗಸರೇ ಬಾಯಿ ಮುಚ್ಚಿಸುತ್ತಾರೆ.

"ಅದು ಹಂಗ ಇರಲಿ. ನೆಟ್ಟಗಿದ್ದಾಗ ಗಾಳೆವ್ವನ್ನ ಹೊರಗ ನಿಲ್ಲಿಸಿದ್ರು."