ಉಗುಳುವ ಬಕೆಟ್ಟು

ದೊಡ್ಡಬಳ್ಳಾಪುರದಾಚೆಯ ವೈನ್ ಕಾರ್ಖಾನೆಯಲ್ಲಿ ಮುನಿನಂಜಮ್ಮ ಲೋಟ ತೊಳೆಯುತ್ತಿದ್ದಳು. ಅವಳ ಗಂಡ ಚೌಡಪ್ಪ ಹನ್ನೆರಡು ವರ್ಷದ ಹಿಂದೆ ಕ್ಯಾಬರ್ನೆ ದ್ರಾಕ್ಷಿಗೆ ಬೇರೆ ತಳಿಗಳನ್ನು ಬೆರೆಸಿ ಮಾಡಿದ ಕೆಂಪು ವೈನು ನೆಲಮಾಳಿಗೆಯಲ್ಲಿ ಮಾಗುತ್ತಿತ್ತು. ಚೌಡಪ್ಪ ಹೋದ ತಿಂಗಳು ಮಣ್ಣಾಗಿದ್ದ.

ಹೊಸ ಯಜಮಾನನಿಗೆ ನೆಲಮಾಳಿಗೆ ಖಾಲಿಯಾಗಬೇಕಿತ್ತು. ರುಚಿ ನೋಡುವ ಸಾಹೇಬರನ್ನು ಕರೆಸಿದ. ಅವರು ಚೆನ್ನಾಗಿಲ್ಲ ಅಂದರೆ ಅಷ್ಟೂ ಬಾಟಲಿ ಚರಂಡಿಗೆ.

"ಈ ಊರಿನ ವೈನು ಕೆಡುತ್ತದೆಯೇ ಹೊರತು ಮಾಗುವುದಿಲ್ಲ" ಎಂದು ಸಾಹೇಬರು ಬಾಗಿಲಲ್ಲೇ ಮೂಗು ಮುರಿದರು.

ಇಂಥ ದೊಡ್ಡ ಮನುಷ್ಯರು ವೈನು ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುತ್ತಾರೆ. ಹೊಸ ವೈನುಗಳನ್ನೆಲ್ಲ ಹಾಗೇ ಉಗುಳಿದರು. ಚೌಡಪ್ಪನ ಬಾಟಲಿಯ ಸರದಿ ಬಂದಾಗ ಮುನಿನಂಜಮ್ಮ ಬಕೆಟ್ಟು ತೊಳೆದು, ಸೆರಗಿನಿಂದ ಒರೆಸಿ ಇಟ್ಟಳು. ಸಾಹೇಬರು ಮೂಸಿದರು, ಗುಟುಕರಿಸಿದರು, ಕಣ್ಣು ಮುಚ್ಚಿದರು.

"ಇನ್ನೊಂದು ಚೂರು ನೋಡಿ ಸ್ವಾಮಿ, ಆಮೇಲೆ ಹೇಳೀರಂತೆ" ಎಂದು ಮತ್ತೆ ಸುರಿದಳು. ಮತ್ತೂ ಸುರಿದಳು.

ಕೊನೆಗೆ ಲೋಟ ಕೆಳಗಿಟ್ಟು, "ಸತ್ವವೇ ಇಲ್ಲ, ಚೆಲ್ಲಿಬಿಡಿ" ಎಂದರು.

ಮುನಿನಂಜಮ್ಮ ಬಕೆಟ್ಟೆತ್ತಿ ಯಜಮಾನನ ಮುಂದೆ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

"ನಂಗೆ ವೈನು ಗೊತ್ತಿಲ್ಲ ಯಜಮಾನ್ರೆ. ಚೆಲ್ಲೋ ಅಂಥದ್ದನ್ನ ಇವರ್ಯಾಕೆ ಪೂರ್ತಿ ನುಂಗಿದ್ರು, ಕೇಳಿ."

ಸಾಹೇಬರು ತುಟಿ ಒರೆಸಿಕೊಂಡರು. ಯಜಮಾನ ಅವರನ್ನೊಮ್ಮೆ ನೋಡಿ, "ಚೆಲ್ಲೋದು ಬೇಡ, ನೆಲಮಾಳಿಗೆಗೆ ಬೀಗ ಹಾಕಮ್ಮ" ಎಂದ.

ಎಲ್ಲರೂ ಹೋದ ಮೇಲೆ ನೋಡಿದರೆ ಬಾಟಲಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. 'ಮಾಗಲಿ ಕಣೆ, ಇಬ್ಬರೂ ಕುಡಿಯೋಣ' ಎಂದಿದ್ದ ಚೌಡಪ್ಪ. ಮುನಿನಂಜಮ್ಮ ಅದನ್ನು ಬಾಯಿಗೆ ಹಾಕಿಕೊಂಡಳು.

ಪಕ್ಕದಲ್ಲಿ ಅವನಿರಲಿಲ್ಲ. ನುಂಗಲು ಆಗಲಿಲ್ಲ.