ಚೆಲ್ಲೊ ಏರಿಸದ ಶ್ರುತಿ

ಒಂದು ತಂತಿವಾದ್ಯಗಳ ಮೇಳದಲ್ಲಿ ಹಿರಿಯ ಪಿಟೀಲಿಗೆ ತನ್ನ ದನಿಯೇ ಎಲ್ಲರಿಗಿಂತ ಮೇಲೆ ಕೇಳಬೇಕೆಂಬ ಚಪಲ. ಚಳಿಗಾಲದ ಕಛೇರಿಗಳು ಶುರುವಾದಾಗಿನಿಂದ ಅದು ಪ್ರತಿ ಸಂಜೆ ತನ್ನ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸುತ್ತ ಬಂತು. ಅಪಸ್ವರವಾದೀತೆಂದು ಹೆದರಿ ಕಿರಿಯ ಪಿಟೀಲೂ ಏರಿಸಿಕೊಂಡಿತು. ಪಿಟೀಲಿನದೇ ರೂಪದ ದೊಡ್ಡ ವಾದ್ಯ, ದಪ್ಪ ದನಿಯ ಮುದಿ ಚೆಲ್ಲೊ ಕೂಡ ಬೇರೆ ದಾರಿಯಿಲ್ಲದೆ ಬಿರಡೆ ತಿರುಗಿಸಿ ತಂತಿ ಬಿಗಿದುಕೊಂಡಿತು. ಹಳೆಯ ಕೃತಿಯಾಗಲಿ, ಈಗಿನವರ ಹೊಸ ರಚನೆಯಾಗಲಿ, ನುಡಿಸುವಾಗ ತಂತಿಗಳ ಬಿಗಿತಕ್ಕೆ ಅದರ ಕತ್ತು ನೋಯುತ್ತಲೇ ಇತ್ತು.

ಆ ವರ್ಷದ ಕೊನೆಯ ಕಛೇರಿಯ ದಿನ ಅದಕ್ಕೆ ಸಾಕುಸಾಕಾಯಿತು. "ಇವತ್ತು ನಾನು ಮೊದಲ ದಿನದ ಶ್ರುತಿಗೇ ನಿಲ್ಲುತ್ತೇನೆ," ಎಂದು ತಂತಿಗಳನ್ನು ಸಡಿಲಿಸಿ ಕುಳಿತಿತು.

ನುಡಿಸತೊಡಗಿದ ಕೂಡಲೇ ಸಭಿಕರು ಮುಖ ಕಿವುಚಿದರು. "ಪಾಪ, ಚೆಲ್ಲೊಗೆ ವಯಸ್ಸಾಯಿತು. ಶ್ರುತಿಯೇ ನಿಲ್ಲುತ್ತಿಲ್ಲ," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಹಿರಿಯ ಪಿಟೀಲು ಹೌದೆಂಬಂತೆ ನಿಟ್ಟುಸಿರಿಟ್ಟಿತು.

ಕೃತಿ ಮುಗಿದಾಗ ಚೆಲ್ಲೊ ಕಿರಿಯ ಪಿಟೀಲನ್ನು ಕೇಳಿತು: "ನಾವೆಲ್ಲ ಹೊರಟದ್ದು ಈ ಶ್ರುತಿಯಿಂದಲೇ ಅಲ್ಲವೇನಪ್ಪ?"

"ಹೌದು ತಾತ. ಆದರೆ ಈಗ ಅಲ್ಲಿ ನೀವೊಬ್ಬರೇ ಇದ್ದೀರಿ."

ಚೆಲ್ಲೊ ಮತ್ತೆ ಬಿರಡೆ ತಿರುಗಿಸಿಕೊಳ್ಳತೊಡಗಿತು.

"ಇನ್ನೂ ಒಂದು ಚೂರು ಮೇಲೆ," ಎಂದಿತು ಹಿರಿಯ ಪಿಟೀಲು.