ಅಧ್ಯಕ್ಷರ ಬಾಯಲ್ಲಿ ಪ್ರಮಾಣವಚನ

ಸಂಸತ್ ಚುನಾವಣೆಯ ಫಲಿತಾಂಶ ಬಂದ ಬೆಳಿಗ್ಗೆ ಅಧ್ಯಕ್ಷ ಮೊಸಳೆಯವರು ಒಮ್ಮೆ ಆಕಳಿಸಿದರು. ಈ ಸುದ್ದಿ ನದಿಯ ಎರಡೂ ದಡಗಳಲ್ಲಿ ತೀವ್ರ ಆತಂಕ ಮೂಡಿಸಿತು. ಅವರ ಅಧಿಕಾರಾವಧಿ ಇನ್ನೂ ಮುಗಿದಿರಲಿಲ್ಲ. ಆದರೆ ಸಂಸತ್ತಿಗೆ ನಿಂತಿದ್ದ ಅವರ ಪಕ್ಷದ ಕೊಕ್ಕರೆಗಳೆಲ್ಲ ಸೋತು, ಟಿಟ್ಟಿಭ ಹಕ್ಕಿಗಳು ಗೆದ್ದಿದ್ದವು.

ಟಿಟ್ಟಿಭಗಳ ನಾಯಕಿ ಮೊಸಳೆಯ ಮುಂದೆ ನಿಂತಳು. "ಅಧ್ಯಕ್ಷರೇ, ಇನ್ನು ದಡದ ಮೇಲಿನ ನಮ್ಮ ಮೊಟ್ಟೆಗಳನ್ನು ತಾವು ತಿನ್ನುವಂತಿಲ್ಲ. ನಮ್ಮ ಮೊದಲ ಕಾನೂನೇ ಅದು."

"ಜನಾದೇಶಕ್ಕೆ ತಲೆಬಾಗುತ್ತೇನೆ, ತಾಯಿ. ಆದರೆ ಪ್ರಮಾಣವಚನ ಆಗದೆ ಕಾನೂನು ಮಾಡಲಾದೀತೇ?"

"ಆಗದು. ಎಲ್ಲಿ ಸ್ವೀಕರಿಸಬೇಕು?"

"ಸಂಪ್ರದಾಯದಂತೆ ನನ್ನ ಬಾಯೊಳಗೆ. ಕೊಕ್ಕರೆಗಳೂ ಅಲ್ಲೇ ಸ್ವೀಕರಿಸಿದ್ದವು."

ಮುದಿ ಟಿಟ್ಟಿಭವೊಂದು ಗೊಣಗಿತು: "ಅವು ಇವರ ಪಕ್ಷದವು ಕಣೇ. ಅದಕ್ಕೇ ಬದುಕಿ ಹೊರಗೆ ಬಂದವು."

"ಸುಮ್ಮನಿರಜ್ಜ, ಗೆದ್ದವರು ನಾವು. ಮೊದಲ ದಿನವೇ ಸಂಪ್ರದಾಯ ಮುರಿದರೆ ನಮ್ಮನ್ನು ಯಾರು ನಂಬುತ್ತಾರೆ?" ಎಂದ ನಾಯಕಿ ಎಲ್ಲರನ್ನೂ ಸಾಲಾಗಿ ಒಳಗೆ ಕರೆದೊಯ್ದಳು.

ಅಧ್ಯಕ್ಷರು ಬಾಯಿ ಮುಚ್ಚಿದರು.

ತೆರವಾದ ಸ್ಥಾನಗಳಿಗೆ ಉಪಚುನಾವಣೆ ಘೋಷಣೆಯಾಗಿ, ಕೊಕ್ಕರೆಗಳು ಅವಿರೋಧವಾಗಿ ಆಯ್ಕೆಯಾದವು.